'ಪಾಸಿಟಿವ್ ಆಗಿರಿ' ಅನ್ನುವ ಮೊದಲು

ಬದುಕಿನಲ್ಲಿ ದೊಡ್ಡ ಏಟು ಬಿದ್ದಾಗ ಸುತ್ತಲಿನವರು ಓಡಿ ಬರುತ್ತಾರೆ. ಸಾವು, ದೊಡ್ಡ ಕಾಯಿಲೆ, ಅಪಘಾತ ಇಂಥವು ಬಂದಾಗ ಹೇಗೆ ಜೊತೆಗೆ ನಿಲ್ಲಬೇಕೆಂದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಆದರೆ ಮನೆ ಬದಲಾಯಿಸಿದವರನ್ನು, ಹೊಸ ಕೆಲಸಕ್ಕೆ ಸೇರಿದವರನ್ನು, ಮಕ್ಕಳು ಓದಲೆಂದು ಹೊರಟುಹೋದ ಮೇಲೆ ಖಾಲಿ ಕೋಣೆ ಗುಡಿಸುವವರನ್ನು, ಶಿಫ್ಟ್ ಬದಲಾಗಿ ಹಗಲು ರಾತ್ರಿ ಅದಲುಬದಲಾದವರನ್ನು ಕೂರಿಸಿಕೊಂಡು 'ಹೇಗಿದ್ದೀರಿ' ಎಂದು ಕೇಳುವವರು ಕಡಿಮೆ. ಕೇಳಿದರೂ ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ: 'ಆಗುವುದೆಲ್ಲ ಒಳ್ಳೆಯದಕ್ಕೇ. ಪಾಸಿಟಿವ್ ಆಗಿರಿ.'

ಆ ಮಾತಿನ ಹಿಂದಿನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದು ಕೆಲಸದ ಕ್ರಮವನ್ನು ತಲೆಕೆಳಗು ಮಾಡುತ್ತದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಬದಲಾವಣೆ ಬಂದಾಗ ನಮ್ಮ ದಿನಗಳನ್ನು ಹಿಡಿದು ನಿಲ್ಲಿಸಿದ್ದ ಸಣ್ಣಪುಟ್ಟ ಆಸರೆಗಳು ಕಳಚಿಬೀಳುತ್ತವೆ. ಮಲಗುವ ಹೊತ್ತು, ನಡೆಯುವ ದಾರಿ, ದಿನಾ ಎದುರಾಗುವ ಮುಖ, ಕೆಲಸ ಮುಗಿದ ಮೇಲಿನ ಆ ಅರ್ಧ ಗಂಟೆ. ಮೊದಲು ಅವನ್ನು ಮತ್ತೆ ನಿಲ್ಲಿಸಿಕೊಳ್ಳಬೇಕು. ಮನಸ್ಸು ಚಿಗುರುವುದು ಆಮೇಲೆ. ನಮ್ಮ ಕ್ಷೇಮಕ್ಕಾಗಿ ಸಮಯವನ್ನೋ ಹಣವನ್ನೋ ತೊಡಗಿಸುವುದಾದರೆ ಅಲ್ಲಿಂದಲೇ ಶುರುಮಾಡಬೇಕು ಅನ್ನುವುದು ನನ್ನ ನಂಬಿಕೆ. ಈ ಬರಹದ ತುಂಬ ಅದನ್ನೇ ಹೇಳುತ್ತೇನೆ.

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಅಮೆರಿಕನ್ ಮನೋವೈದ್ಯರು 43 ಘಟನೆಗಳ ಒಂದು ಪಟ್ಟಿ ಪ್ರಕಟಿಸಿದರು. ಪ್ರತಿ ಘಟನೆಯ ಎದುರು ಒಂದು ಅಂಕ. ಆ ಘಟನೆಗೆ ಹೊಂದಿಕೊಳ್ಳಲು ಮನುಷ್ಯ ಎಷ್ಟು ಹೆಣಗಬೇಕು ಎಂಬುದರ ಅಳತೆ ಅದು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73. ಇವು ಯಾರಿಗೂ ಅಚ್ಚರಿ ತರುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಸಾಲುಗಳು. ಮದುವೆಗೆ 50. ನಿವೃತ್ತಿಗೆ 45. ಮಗನೋ ಮಗಳೋ ಮನೆ ಬಿಟ್ಟು ಹೊರಟರೆ 29. ದೊಡ್ಡದೊಂದು ವೈಯಕ್ತಿಕ ಸಾಧನೆಗೆ 28! ಮನೆ ಬದಲಾವಣೆಗೆ 20, ನಿದ್ದೆಯ ರೂಢಿ ಬದಲಾದರೆ 16, ರಜೆಗೆ ಹೋಗಿಬಂದರೂ 13.

ಸಿಹಿ ಕಹಿ ಎರಡನ್ನೂ ಅವರು ಒಂದೇ ಪಟ್ಟಿಯಲ್ಲಿ ಇಟ್ಟರು. ಘಟನೆ ನಮಗೆ ಬೇಕಾದದ್ದೋ ಬೇಡವಾದದ್ದೋ ಎಂದು ಅವರು ಕೇಳಲಿಲ್ಲ. ಅದರಿಂದ ದಿನಚರಿ ಎಷ್ಟು ಅಲುಗಾಡಿತು ಎಂದು ಕೇಳಿದರು. ಅಂಕಗಳನ್ನು ಕೂಡಿಸಿ ಒಬ್ಬೊಬ್ಬರ ಭವಿಷ್ಯ ಹೇಳಲು ಬರುವುದಿಲ್ಲ ನಿಜ. ಒಂದೇ ಬದಲಾವಣೆ ಒಬ್ಬರಿಗೆ ಹೂವಿನಷ್ಟು ಹಗುರ, ಇನ್ನೊಬ್ಬರಿಗೆ ಹೊರಲಾರದ ಹೊರೆ. ಆದರೂ ಆ ಪಟ್ಟಿ ಓದಿದಾಗ ನನಗೊಂದು ಸಮಾಧಾನವಾಯಿತು. ಬಯಸಿ ಬಯಸಿ ಪಡೆದ ಕೆಲಸಕ್ಕೆ ಸೇರಿದ ಮೇಲೆ ಸಂಜೆಯ ಹೊತ್ತಿಗೆ ಹೈರಾಣಾಗಿ ಕೂರುವುದು ಕೃತಘ್ನತೆಯಲ್ಲ. ಒಳ್ಳೆಯ ಬದಲಾವಣೆಯೂ ಮೈಮನಸ್ಸಿನಿಂದ ಕೆಲಸ ಕೇಳುತ್ತದೆ. 'ಎಲ್ಲ ಚೆನ್ನಾಗೇ ಇದೆ, ಮತ್ತೇಕೆ ಹೀಗೆ' ಎಂದು ತಮ್ಮನ್ನೇ ಗದರಿಕೊಳ್ಳುವ ಎಷ್ಟೋ ಜನರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಮನೆ ಬದಲಾಯಿಸಿದ ಹೊಸತರಲ್ಲಿ ನಾನು ನನ್ನ ಕೈಯನ್ನೇ ಗಮನಿಸುತ್ತಿದ್ದೆ. ರಾತ್ರಿ ನೀರು ಕುಡಿಯಲು ಎದ್ದರೆ ಬಲಗೈ ತಾನಾಗಿ ಗೋಡೆಯ ಮೇಲೆ ಹೋಗುತ್ತಿತ್ತು, ಭುಜದ ಎತ್ತರಕ್ಕೆ, ಬಾಗಿಲ ಚೌಕಟ್ಟಿನಿಂದ ಒಂದು ಗೇಣು ಆಚೆಗೆ. ಹಳೆಯ ಮನೆಯಲ್ಲಿ ಸ್ವಿಚ್ ಇದ್ದದ್ದು ಅಲ್ಲಿ. ಇಲ್ಲಿ ಆ ಜಾಗದಲ್ಲಿ ಬರೀ ತಣ್ಣನೆಯ ಗೋಡೆ. ಕೈ ಒಂದೆರಡು ಸಲ ತಡಕಾಡುತ್ತಿತ್ತು. ಅಷ್ಟರಲ್ಲಿ ನಿದ್ದೆಯ ಮಂಪರು ಹರಿದುಹೋಗಿ, ನಾನು ಎಲ್ಲಿದ್ದೇನೆ ಎಂದು ಯೋಚಿಸಬೇಕಾಗುತ್ತಿತ್ತು. ಸ್ವಿಚ್ಚು ಇದ್ದದ್ದು ಬಾಗಿಲಿನ ಇನ್ನೊಂದು ಬದಿಗೆ, ಸ್ವಲ್ಪ ಕೆಳಗೆ. ಸಿಕ್ಕ ಮೇಲೂ ಸಾಲಿನಲ್ಲಿ ಮೊದಲನೆಯದು ಫ್ಯಾನು, ಎರಡನೆಯದು ದೀಪ.

ಇದು ತೀರಾ ಸಣ್ಣ ಸಂಗತಿ. ಆದರೆ ಒಂದು ದಿನದಲ್ಲಿ ಇಂಥವು ಎಷ್ಟು ಇರುತ್ತವೆ ಎಂದು ನೋಡುತ್ತ ಹೋದರೆ ಸುಸ್ತಿನ ಗುಟ್ಟು ತಿಳಿಯುತ್ತದೆ. ನಲ್ಲಿ ಯಾವ ಕಡೆಗೆ ತಿರುಗಿಸಿದರೆ ಬಿಸಿನೀರು, ಬೀಗದ ಕೈ ಎಲ್ಲಿ ತೂಗುಹಾಕುವುದು, ಯಾವ ಹೊತ್ತಿಗೆ ಹೊರಟರೆ ರಸ್ತೆ ಖಾಲಿ, ಹೊಸ ಆಫೀಸಿನಲ್ಲಿ ಯಾರನ್ನು ಏನೆಂದು ಕರೆಯಬೇಕು, ಊಟಕ್ಕೆ ಯಾರ ಜೊತೆ ಕೂರಬೇಕು. ಮೊದಲು ಇವೆಲ್ಲ ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಈಗ ಒಂದೊಂದಕ್ಕೂ ಯೋಚಿಸಿ ನಿರ್ಧರಿಸಬೇಕು. ರೂಢಿ ಮಾಡಿಕೊಡುತ್ತಿದ್ದ ಕೆಲಸವೆಲ್ಲ ಗಮನದ ತಲೆಯ ಮೇಲೆ ಬಿದ್ದಿರುತ್ತದೆ. ಹೊತ್ತು ಮುಳುಗುವಷ್ಟರಲ್ಲಿ ತಲೆ ಬರಿದಾಗಿ, ಸಿಡುಕು ಮೂಗಿನ ತುದಿಗೆ ಬಂದಿರುತ್ತದೆ. ಇದಕ್ಕೆ 'ನಕಾರಾತ್ಮಕ ಮನೋಭಾವ' ಎಂದು ಹೆಸರಿಟ್ಟರೆ ಅನ್ಯಾಯವಾಗುತ್ತದೆ.

ರೂಢಿ ಕೂಡಿಬರಲು ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿ ನೋಡಿದರು. ಫಲಿತಾಂಶ 2010ರಲ್ಲಿ ಅಚ್ಚಾಯಿತು. ಪ್ರತಿಯೊಬ್ಬರೂ ತಾವೇ ಆರಿಸಿದ ಒಂದು ಸಣ್ಣ ಕೆಲಸವನ್ನು ದಿನಾ ಒಂದೇ ಸಂದರ್ಭಕ್ಕೆ ಕಟ್ಟಿಕೊಂಡು ಮಾಡಬೇಕಿತ್ತು. ಅದು ಯೋಚನೆಯಿಲ್ಲದೆ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಅಂದಾಜು 18 ದಿನದಿಂದ 254 ದಿನದವರೆಗೆ ಹರಡಿತ್ತು. ಎರಡು ವಿಷಯ ಇದರಲ್ಲಿ ನನಗೆ ಮುಖ್ಯ. ಒಂದು, ಮೊದಮೊದಲ ದಿನಗಳ ಪುನರಾವರ್ತನೆಯಲ್ಲೇ ರೂಢಿ ಹೆಚ್ಚು ಬಲಿಯುತ್ತದೆ, ಆಮೇಲೆ ಏರಿಕೆ ನಿಧಾನವಾಗುತ್ತದೆ. ಇನ್ನೊಂದು, ನಡುವೆ ಒಂದು ದಿನ ತಪ್ಪಿಸಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹಾಗಾಗಿ ಬದಲಾವಣೆಯ ನಂತರದ ಮೊದಲ ಎರಡು ಮೂರು ತಿಂಗಳನ್ನು ದಣಿವಿನ ತಿಂಗಳುಗಳೆಂದೇ ಒಪ್ಪಿಕೊಳ್ಳುವುದು ಒಳ್ಳೆಯದು. ಆ ಅವಧಿಯಲ್ಲಿ ದೊಡ್ಡ ಹೊಸ ಸಂಕಲ್ಪಗಳನ್ನು ಮೈಮೇಲೆ ಎಳೆದುಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹೊಸ ಕೆಲಸ, ಜೊತೆಗೆ ಹೊಸ ಭಾಷೆ ಕಲಿಕೆ, ಜೊತೆಗೆ ಬೆಳಗ್ಗೆ ನಾಲ್ಕಕ್ಕೆ ಏಳುವ ವ್ರತ. ಬೇಡ. ಒಂದು ತೊಲೆ ತೆಗೆದ ಮೇಲೆ ಸೂರಿನ ಭಾರ ಉಳಿದ ತೊಲೆಗಳ ಮೇಲೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಅಟ್ಟಕ್ಕೆ ಹೊಸ ಸಾಮಾನು ಏರಿಸಬಾರದು.

ಹಾಗಾದರೆ ಯಾವುದನ್ನು ಮೊದಲು ನಿಲ್ಲಿಸಿಕೊಳ್ಳಬೇಕು? ನನ್ನ ಉತ್ತರ ಸ್ಪಷ್ಟ: ನಿದ್ದೆ. ಅದರಲ್ಲೂ ಏಳುವ ಹೊತ್ತು. ಮಲಗುವ ಹೊತ್ತು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಚಿಂತೆ ಇದ್ದ ದಿನ ಎಷ್ಟು ಹೊರಳಿದರೂ ಕಣ್ಣು ಮುಚ್ಚದು. ಏಳುವ ಹೊತ್ತನ್ನಾದರೆ ನಾವು ಹಿಡಿದಿಡಬಹುದು. ಮೈಯೊಳಗಿನ ಜೀವಕೋಶಗಳಲ್ಲೇ ದಿನದ ಲಯ ಇಟ್ಟುಕೊಂಡ ಗಡಿಯಾರವಿದೆ. ಅದು ಅಣುಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಬೆಳಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ಮೋಡ ಕವಿದ ದಿನದಲ್ಲೂ ಹೊರಗಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ಮನೆಯೊಳಗಿನ ದೀಪದ್ದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮೀರುವುದಿಲ್ಲ. ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣದಿದ್ದರೂ ಒಳಗಿನ ಗಡಿಯಾರಕ್ಕೆ ಗೊತ್ತಾಗುತ್ತದೆ. ಬೆಳಗ್ಗೆ ಎದ್ದವರು ಫೋನ್ ಕೈಗೆತ್ತಿಕೊಳ್ಳುವ ಮೊದಲು ಒಂದಷ್ಟು ಹೊತ್ತು ಆಕಾಶದ ಕೆಳಗೆ ನಿಂತರೆ, ಅಷ್ಟರಿಂದಲೇ ದಿನಕ್ಕೆ ಒಂದು ಬುಡ ಸಿಗುತ್ತದೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಎಂದು ನಿದ್ರಾವೈದ್ಯರು ಹೇಳುತ್ತಾರೆ. ಬದಲಾವಣೆಯ ದಿನಗಳಲ್ಲಿ ನಾವು ಮೊದಲು ಕತ್ತರಿ ಹಾಕುವುದು ಅದಕ್ಕೇ.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರೂ ಹೇಳುತ್ತಾರೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಈ ತಿಳಿವಳಿಕೆಯ ಮೊದಲ ಗಟ್ಟಿ ಪುರಾವೆಗಳಲ್ಲಿ ಒಂದು ಬಸ್ಸಿನಿಂದ ಬಂದದ್ದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಇಡೀ ದಿನ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಜೆರೆಮಿ ಮಾರಿಸ್ 1953ರಲ್ಲಿ ತೋರಿಸಿದರು. ಆ ಕಂಡಕ್ಟರುಗಳು ವ್ಯಾಯಾಮ ಎಂದುಕೊಂಡು ಏನೂ ಮಾಡಿರಲಿಲ್ಲ, ಅವರ ದಿನಚರಿಯಲ್ಲೇ ಅದು ಬೆರೆತಿತ್ತು. ಬದಲಾವಣೆಯ ಹೊಡೆತ ಬೀಳುವುದೂ ಅಲ್ಲಿಗೇ. ಆಫೀಸಿಗೆ ಹೋಗಿಬರುತ್ತಿದ್ದವರು ಮನೆಯಿಂದಲೇ ಕೆಲಸ ಶುರುಮಾಡಿದಾಗ ಪ್ರಯಾಣದ ಹೊತ್ತು ಉಳಿಯಿತೆಂದು ಖುಷಿಪಡುತ್ತಾರೆ. ಜೊತೆಗೆ ದಿನದ ನಡಿಗೆ, ಮೆಟ್ಟಿಲು, ಬೆಳಗಿನ ಬೆಳಕು ಮೂರೂ ಸದ್ದಿಲ್ಲದೆ ಕೈಬಿಟ್ಟಿರುತ್ತವೆ. ಕೆಲವು ತಿಂಗಳ ಮೇಲೆ ಮನಸ್ಸು ಮಂಕಾದಾಗ ಕಾರಣ ಹೊಳೆಯುವುದಿಲ್ಲ.

ಇನ್ನು ಮನುಷ್ಯರ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಬದಲಾವಣೆಯಲ್ಲಿ ನಾವು ಕಳೆದುಕೊಳ್ಳುವ ದೊಡ್ಡ ಗಂಟು ಇದೇ, ಮತ್ತು ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ.

ಆಪ್ತರು ಎಲ್ಲಿಗೂ ಹೋಗುವುದಿಲ್ಲ. ಮನೆ ಬದಲಾದರೂ, ಕೆಲಸ ಬದಲಾದರೂ ಫೋನ್ ಮಾಡಿದರೆ ಸಿಗುತ್ತಾರೆ. ಹೋಗುವವರು ಹೆಸರು ಸರಿಯಾಗಿ ಗೊತ್ತಿಲ್ಲದವರು. ದಿನಾ ಗೇಟಿನ ಹತ್ತಿರ ತಲೆಯಾಡಿಸುತ್ತಿದ್ದ ಕಾವಲುಗಾರ, ಲಿಫ್ಟಿನಲ್ಲಿ 'ಇವತ್ತು ಬೇಗ ಬಂದ್ರಾ' ಎನ್ನುತ್ತಿದ್ದ ಬೇರೆ ವಿಭಾಗದ ಹೆಂಗಸು, ನಡೆಯುವಾಗ ಎದುರಾಗಿ ನಕ್ಕು ಮುಂದೆ ಹೋಗುತ್ತಿದ್ದ ಅಜ್ಜ. ನನ್ನ ಹಿರಿಯ ಸ್ನೇಹಿತರೊಬ್ಬರು ನಿವೃತ್ತರಾದಾಗ ಅವರಿಗೆ ಕೆಲಸದ ನೆನಪು ಕಾಡಬಹುದೆಂದು ನಾವೆಲ್ಲ ಪುಸ್ತಕ, ಪ್ರವಾಸ, ಹವ್ಯಾಸ ಎಂದು ಸಲಹೆಗಳ ಮಳೆ ಸುರಿಸಿದೆವು. ಅವರು ಎಲ್ಲವನ್ನೂ ಪ್ರೀತಿಯಿಂದ ಕೇಳಿಸಿಕೊಂಡರು. ಒಮ್ಮೆ ಹೀಗೇ ಮಾತಿನ ನಡುವೆ ಅಂದರು: 'ಕೆಲಸದ ನೆನಪೇನೂ ಆಗೋದಿಲ್ಲಪ್ಪ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ. ಮನೆಯಲ್ಲಿ ನಾನು ಅಪ್ಪ, ತಾತ, ರೀ. ಅಲ್ಲಿ ದಿನಕ್ಕೆ ಐವತ್ತು ಸಲ ನನ್ನ ಹೆಸರು ಕಿವಿಗೆ ಬೀಳ್ತಿತ್ತು.'

ಆ ಮಾತಿಗೆ ನಮ್ಮ ಸಲಹೆಗಳಲ್ಲಿ ಯಾವುದೂ ಉತ್ತರವಾಗಿರಲಿಲ್ಲ. ಅವರು ಕಂಡುಕೊಂಡ ದಾರಿ ತೀರಾ ಸರಳ. ದಿನಾ ಒಂದೇ ಹೊತ್ತಿಗೆ ಒಂದೇ ವಾಚನಾಲಯಕ್ಕೆ ಹೋಗಿ ಒಂದೇ ಮೇಜಿನಲ್ಲಿ ಕೂರತೊಡಗಿದರು. ಮೊದಮೊದಲು ಯಾರೂ ಮಾತಾಡಿಸಲಿಲ್ಲ. ಆಮೇಲೆ ಎದುರು ಕೂರುವವರು ಪತ್ರಿಕೆಯ ಒಳಪುಟ ಬಿಡಿಸಿ ಇವರತ್ತ ಸರಿಸಲು ಶುರುಮಾಡಿದರು. ಕೆಲವು ತಿಂಗಳ ಮೇಲೆ ಇವರು ಎರಡು ದಿನ ಕಾಣದಿದ್ದರೆ ಅಲ್ಲಿನವರು ವಿಚಾರಿಸುವಷ್ಟಾಯಿತು. ಈಗ ಅಲ್ಲಿ ಇವರ ಹೆಸರು ಎಲ್ಲರಿಗೂ ಗೊತ್ತು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಇಂಥ ತೆಳು ಪರಿಚಯಗಳ ಶಕ್ತಿಯ ಬಗ್ಗೆ ಬರೆದರು. ಹೊಸ ಸುದ್ದಿ, ಹೊಸ ಅವಕಾಶ ಇವು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಿತರಿಂದ ಬರುತ್ತವೆ ಅನ್ನುವುದು ಅವರ ವಾದ. ಮನಸ್ಸಿನ ನೆಮ್ಮದಿಗೂ ಅವು ಬೇಕು ಎಂದು ತೋರಿಸಿದವರು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಜನ ತಾವು ಯಾರ್ಯಾರ ಜೊತೆ ಮಾತಾಡಿದೆವೆಂದು ಎಣಿಸಿಕೊಂಡರು. ಆಪ್ತರು ಬೇರೆ, ಅಷ್ಟಕ್ಕಷ್ಟೆ ಪರಿಚಯದವರು ಬೇರೆ. ತೆಳು ಪರಿಚಯದವರ ಜೊತೆ ಎಂದಿಗಿಂತ ಹೆಚ್ಚು ಮಾತಾಡಿದ ದಿನ ಅವರಿಗೆ ಹೆಚ್ಚು ಖುಷಿಯೂ, ಈ ಜನರಲ್ಲಿ ನಾನೂ ಒಬ್ಬ ಎಂಬ ಭಾವವೂ ಇತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಜೀವನಪೂರ್ತಿಯ ಅಧ್ಯಯನವೂ ವಯಸ್ಸಾದಂತೆ ಮನುಷ್ಯರನ್ನು ಗಟ್ಟಿಯಾಗಿಡುವುದರಲ್ಲಿ ಸಂಬಂಧಗಳ ಪಾತ್ರ ಬಹಳ ದೊಡ್ಡದು ಎನ್ನುತ್ತದೆ. ಆದರೆ 'ಸಂಬಂಧ' ಎಂದಾಗ ನಮಗೆ ಬರೀ ಮನೆಯವರು, ಜೀವದ ಗೆಳೆಯರು ನೆನಪಾಗುತ್ತಾರೆ. ತಲೆಯಾಡಿಸುವ ಕಾವಲುಗಾರನೂ ಆ ಲೆಕ್ಕದಲ್ಲಿ ಬರಬೇಕು. ಹೊಸ ಜಾಗಕ್ಕೆ ಹೋದವರಿಗೆ ಜೀವದ ಗೆಳೆಯರು ತಿಂಗಳಲ್ಲಿ ಸಿಗುವುದಿಲ್ಲ. ಹೊತ್ತು ತಪ್ಪಿಸದೆ ಒಂದೇ ಜಾಗಕ್ಕೆ ಹೋದರೆ ತಲೆಯಾಡಿಸುವವರು ಸಿಕ್ಕೇ ಸಿಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮನಸ್ಸೇ ಇಲ್ಲದಾಗ ಎದ್ದು ನಡೆಯುವುದು, ಹೋಗಿ ಕೂರುವುದು ಹೇಗೆ? ಮೊದಲು ಉತ್ಸಾಹ ಬರಲಿ, ಆಮೇಲೆ ಮಾಡುತ್ತೇನೆ ಅನ್ನುವುದು ಎಲ್ಲರಿಗೂ ಸಹಜವಾಗಿ ಬರುವ ಮಾತು. ಖಿನ್ನತೆಯ ಚಿಕಿತ್ಸೆಯಲ್ಲಿ ಇದಕ್ಕೆ ಉತ್ತರವಿದೆ. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಖಿನ್ನತೆ ಇದ್ದ ಸುಮಾರು 150 ಜನರ ಮೇಲೆ ಒಂದು ಹೋಲಿಕೆ ನಡೆಸಿದರು. ಒಂದು ಗುಂಪಿಗೆ ಆಲೋಚನೆಗಳನ್ನು ತಿದ್ದುವುದೂ ಸೇರಿದ ಪೂರ್ತಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ದಿನದ ಚಟುವಟಿಕೆಗಳನ್ನು ಯೋಜಿಸಿ ಮತ್ತೆ ಶುರುಮಾಡಿಸುವ ಭಾಗ ಮಾತ್ರ. ಫಲಿತಾಂಶದಲ್ಲಿ ಎರಡೂ ಸರಿಸಮಾನವಾದವು. ಅಂದರೆ ಮನಸ್ಸು ಬದಲಾಗುವವರೆಗೆ ಕೈಕಾಲು ಕಾಯಬೇಕಿಲ್ಲ. ಹಲವು ಸಲ ಕೈಕಾಲು ಆಡಿದ ಮೇಲೆ ಮನಸ್ಸು ಹಿಂದೆ ಬರುತ್ತದೆ. ಎಷ್ಟು ಸಣ್ಣದರಿಂದ ಶುರುಮಾಡಬೇಕು ಅನ್ನುವುದೇ ಇಲ್ಲಿ ಮುಖ್ಯ. 'ನಡೆಯಲು ಹೋಗುತ್ತೇನೆ' ಅನ್ನುವುದು ಕುಂದಿದ ಮನಸ್ಸಿಗೆ ಬೆಟ್ಟ. 'ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ' ಅನ್ನುವುದಾದರೆ ಆಗುತ್ತದೆ. ಗೇಟಿನಿಂದ ವಾಪಸ್ ಬಂದರೂ ಆ ದಿನದ ಕೆಲಸ ಆಯಿತೆಂದೇ ಲೆಕ್ಕ.

ಹಾಗೆಂದು ಆಶಾವಾದ ಬೇಡವೇ? ಬೇಕು. ಯಾವ ಬಗೆಯದು ಎಂದು ನೋಡಬೇಕು, ಅಷ್ಟೆ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗನ್ ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದ್ದಾರೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಹೆಂಗಸರ ಬಗ್ಗೆ 1991ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕುತೂಹಲದ ಸಂಗತಿಯಿದೆ. ನನ್ನಿಂದ ಇದು ಆಗುತ್ತದೆ ಎಂದು ನಂಬಿದವರು ಹೆಚ್ಚು ತೂಕ ಇಳಿಸಿದರು. ಎಲ್ಲ ಸಲೀಸಾಗಿ ಮುಗಿದು ತಾವು ಹಗುರಾಗಿ ಓಡಾಡುವಂತೆ ಕನಸು ಕಾಣುತ್ತಿದ್ದವರು ಕಡಿಮೆ ಇಳಿಸಿದರು. ಕನಸಿನಲ್ಲೇ ಗೆದ್ದ ಮನಸ್ಸಿಗೆ ಎದ್ದು ಮಾಡುವ ಕಸುವು ಕುಂದುತ್ತದೆ ಎಂಬುದು ಅವರ ಮುಂದಿನ ಪ್ರಯೋಗಗಳಲ್ಲೂ ಕಂಡಿತು. ಅವರು ಹೇಳುವ ದಾರಿ ಹೀಗೆ: ಬೇಕಾದದ್ದನ್ನು ಮನಸ್ಸಿನಲ್ಲಿ ತಂದುಕೊಳ್ಳಿ, ತಕ್ಷಣ ಅದಕ್ಕೆ ಅಡ್ಡ ಬರುವ ನಿಮ್ಮೊಳಗಿನದೇ ಒಂದು ಅಡಚಣೆಯನ್ನು ನೋಡಿ, ಅದು ಎದುರಾದಾಗ ಏನು ಮಾಡುತ್ತೇನೆ ಎಂದು ಈಗಲೇ ತೀರ್ಮಾನಿಸಿ. 'ಹೊಸ ಆಫೀಸಿನಲ್ಲಿ ನಾನು ಬೆರೆಯಬೇಕು. ಅಡ್ಡಿ ಏನು? ಊಟದ ಹೊತ್ತಿಗೆ ಸಂಕೋಚದಿಂದ ಫೋನಿಗೆ ಮುಖ ಹುದುಗಿಸುತ್ತೇನೆ. ಫೋನ್ ತೆಗೆಯಬೇಕೆನಿಸಿದರೆ ಪಕ್ಕದವರನ್ನು ಒಂದು ಪ್ರಶ್ನೆ ಕೇಳುತ್ತೇನೆ.' ಇದರಲ್ಲಿ ಮಿನುಗುವಂಥದ್ದೇನೂ ಇಲ್ಲ. ನನಗೆ ಆಶಾವಾದ ಅಂದರೆ ಇದೇ, ಅಡಚಣೆಯ ಹೆಸರು ಹಿಡಿದು ಮಾತಾಡುವ ಆಶಾವಾದ.

ಇನ್ನೊಂದು ಧೈರ್ಯ ತರುವ ವಿಷಯವಿದೆ. ಮುಂದೆ ಬರುವ ನೋವು ಎಷ್ಟು ದಿನ ಇರುತ್ತದೆ ಎಂದು ಊಹಿಸುವಾಗ ನಾವು ಸಾಮಾನ್ಯವಾಗಿ ಅಳತೆ ಮೀರಿ ಹೇಳುತ್ತೇವೆ. ಡೇನಿಯಲ್ ಗಿಲ್ಬರ್ಟ್ ಮತ್ತು ಟಿಮೊಥಿ ವಿಲ್ಸನ್ ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ಪ್ರೀತಿ ಮುರಿದರೆ, ಬಯಸಿದ ಹುದ್ದೆ ಕೈತಪ್ಪಿದರೆ ಬದುಕೇ ಮುಗಿಯಿತು ಅಂದುಕೊಂಡವರು ತಾವು ಅಂದುಕೊಂಡದ್ದಕ್ಕಿಂತ ಬೇಗ ಚೇತರಿಸಿಕೊಂಡಿದ್ದರು. ಆದರೆ ಇದನ್ನು 'ಕಾಲವೇ ಎಲ್ಲವನ್ನೂ ಮಾಯಿಸುತ್ತದೆ' ಎಂದು ಎಳೆಯಬಾರದು. ರಿಚರ್ಡ್ ಲೂಕಸ್ ಮತ್ತು ಸಂಗಡಿಗರು ಜರ್ಮನಿಯ ಸಾವಿರಾರು ಜನರ 15 ವರ್ಷಗಳ ಉತ್ತರಗಳನ್ನು ನೋಡಿ 2004ರಲ್ಲಿ ಬರೆದದ್ದು ಬೇರೆಯೇ ಕತೆ. ಕೆಲಸ ಕಳೆದುಕೊಂಡವರ ಬದುಕಿನ ತೃಪ್ತಿ, ಮತ್ತೆ ಕೆಲಸ ಸಿಕ್ಕ ಮೇಲೂ ಸರಾಸರಿಯಲ್ಲಿ ಹಿಂದಿನ ಮಟ್ಟಕ್ಕೆ ಪೂರ್ತಿ ಮರಳಿರಲಿಲ್ಲ. ಕೆಲಸ ಹೋದವರಿಗೆ 'ಇದೂ ಒಂದು ಅವಕಾಶ' ಎಂದು ಹೇಳಲು ಬಾಯಿ ತೆರೆಯುವ ಮೊದಲು ನಾನು ಈ ಅಧ್ಯಯನವನ್ನು ನೆನೆಸಿಕೊಳ್ಳುತ್ತೇನೆ. ಕೆಲವು ನಷ್ಟಗಳು ನಿಜಕ್ಕೂ ನಷ್ಟಗಳೇ. ಅವನ್ನು ಹಾಗೆ ಕರೆಯಲು ಬಿಡಬೇಕು.

ಕರೆಯುವುದರಿಂದ ಉಪಯೋಗವೂ ಇದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಕೆಲವರು ಬದುಕಿನ ಕಹಿ ಘಟನೆಯನ್ನೂ ಅದರ ಬಗ್ಗೆ ಅನ್ನಿಸಿದ್ದನ್ನೂ ಬರೆದರು. ಉಳಿದ ಕೆಲವರು ಸಾದಾ ವಿಷಯ ಬರೆದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರಿಗೆ ಬರೆದ ತಕ್ಷಣ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಮಗಳು ಓದಲು ಹೊರಟ ಮೇಲೆ ನಾನೂ ಬರೆದೆ. ಯಾರಿಗೂ ತೋರಿಸುವಂಥದ್ದಲ್ಲ. 'ಅವಳ ಕೋಣೆಯಲ್ಲಿ ಫ್ಯಾನ್ ಸದ್ದಿಲ್ಲ. ರಾತ್ರಿ ಬಾಗಿಲ ಕೆಳಗೆ ಬೆಳಕಿನ ಗೆರೆ ಕಾಣುವುದಿಲ್ಲ. ಮಲಗು ಎಂದು ಗದರಲು ಯಾರೂ ಇಲ್ಲ' ಎಂದು ಹೀಗೇ ಇದ್ದದ್ದನ್ನು ಬರೆಯುತ್ತ ಹೋದೆ. ಬರೆಯುತ್ತ ಬರೆಯುತ್ತ ಗೊತ್ತಾದದ್ದು, ಅವಳ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಅವಳು ಚೆನ್ನಾಗಿಯೇ ಇದ್ದಳು. ದಿನದ ಕೊನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವ ಆ ಹತ್ತು ನಿಮಿಷ ನನ್ನಿಂದ ಹೋಗಿತ್ತು. ಹೆಸರು ಸಿಕ್ಕ ಮೇಲೆ ಅದಕ್ಕೊಂದು ದಾರಿಯೂ ಸಿಕ್ಕಿತು. ಆ ಹೊತ್ತಿಗೆ ಈಗ ಅಮ್ಮನಿಗೆ ಫೋನ್ ಮಾಡುತ್ತೇನೆ. ಅಮ್ಮ ನನಗೆ ಮಲಗು ಎನ್ನುತ್ತಾಳೆ.

ಹಣದ ಮಾತೂ ಸ್ವಲ್ಪ ಆಗಲಿ, ಏಕೆಂದರೆ ಕ್ಷೇಮದ ಹೆಸರಿನಲ್ಲಿ ಮಾರಾಟಕ್ಕೆ ಬರುವ ವಸ್ತುಗಳಿಗೆ ಲೆಕ್ಕವಿಲ್ಲ. ಖರ್ಚು ಮಾಡಲು ಒಂದಿಷ್ಟು ಹಣ ಉಳಿಯುವ ಸ್ಥಿತಿ ಇದ್ದರೆ, ವಸ್ತುವಿಗಿಂತ ಬಿಡುವನ್ನು ಕೊಳ್ಳುವುದು ಮೇಲು ಅನ್ನುವ ಕಡೆಗೆ ನನ್ನ ಒಲವು. ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಆಶ್ಲಿ ವಿಲ್ಲನ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳಿತು. ಬೇಡದ ಕೆಲಸವನ್ನು ಬೇರೆಯವರಿಗೆ ಕೊಟ್ಟು ಸಮಯ ಉಳಿಸಿಕೊಂಡವರು ಹೆಚ್ಚು ತೃಪ್ತರಾಗಿದ್ದರು. ಮನೆ ಬದಲಾಯಿಸಿದ ವಾರ ಪೆಟ್ಟಿಗೆ ಬಿಚ್ಚಲು ಒಬ್ಬರನ್ನು ಕರೆದು, ಅಂದು ಬೇಗ ಮಲಗುವುದು ಒಳ್ಳೆಯ ಖರ್ಚು. ಹಣವಿಲ್ಲದವರಿಗೆ ನೆಂಟರಿಷ್ಟರ ಕೈಯೇ ಆ ಬಿಡುವು. ಕೇಳಲು ನಾಚಿಕೆಪಡಬಾರದು.

ಒಂದು ಎಚ್ಚರಿಕೆ. ದಣಿವು ಬೇರೆ, ಖಿನ್ನತೆ ಬೇರೆ. ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡವೆನಿಸಿದರೆ, ನಿದ್ದೆ ಹಸಿವು ಕೆಟ್ಟರೆ ವೈದ್ಯರ ಹತ್ತಿರ ಹೋಗಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಎಣಿಸುತ್ತ ಕೂರದೆ ಅಂದೇ ಯಾರಿಗಾದರೂ ಹೇಳಬೇಕು, ಅಂದೇ ಸಹಾಯ ಪಡೆಯಬೇಕು. ವಾಕಿಂಗು, ಬರವಣಿಗೆ ಇವು ಚಿಕಿತ್ಸೆಯ ಜಾಗಕ್ಕೆ ಬರಲಾರವು.

ಕೊನೆಯದಾಗಿ, ನಾವು ಬದಲಾವಣೆಯಲ್ಲಿ ಇಲ್ಲದೆ, ನಮ್ಮವರು ಯಾರೋ ಅದರಲ್ಲಿ ಸಿಕ್ಕಿಕೊಂಡಿರುವ ಹೊತ್ತು. 'ಪಾಸಿಟಿವ್ ಆಗಿರಿ' ಅನ್ನುವ ಮಾತು ಬಾಯಿಗೆ ಬಂದಾಗ ನಾನು ಅದರ ಬದಲು ಕೆಲವು ಪ್ರಶ್ನೆ ಕೇಳುತ್ತೇನೆ. ನಿದ್ದೆ ಬರುತ್ತಿದೆಯಾ? ಬೆಳಗ್ಗೆ ಎಷ್ಟಕ್ಕೆ ಏಳುತ್ತೀರಿ? ಇವತ್ತು ಮನೆಯಿಂದ ಹೊರಗೆ ಹೋಗಿದ್ದಿರಾ? ಅಲ್ಲಿ ಯಾರಾದರೂ ಪರಿಚಯವಾದರಾ? ಹಳೆಯ ಜಾಗದಲ್ಲಿ ಯಾವುದು ಹೆಚ್ಚು ನೆನಪಾಗುತ್ತದೆ? ಕೊನೆಯ ಪ್ರಶ್ನೆಗೆ ಜನ ಬಹಳ ಹೊತ್ತು ಮಾತಾಡುತ್ತಾರೆ. ನಡುವೆ ಬಾಯಿ ಹಾಕದೆ ಕೇಳಬೇಕು. ಇನ್ನೊಂದು ಕೆಲಸವನ್ನೂ ಮಾಡುತ್ತೇನೆ: ಫೋನಿನ ಕ್ಯಾಲೆಂಡರಿನಲ್ಲಿ ಎರಡು ತಿಂಗಳ ಆಚೆಗೆ ಅವರ ಹೆಸರು ಬರೆದಿಡುತ್ತೇನೆ. ಮೊದಲ ವಾರ ಎಲ್ಲರೂ ಫೋನ್ ಮಾಡಿರುತ್ತಾರೆ, ಸಾಮಾನು ಸಾಗಿಸಲು ಬಂದಿರುತ್ತಾರೆ, ಶುಭಾಶಯ ಕಳಿಸಿರುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಆ ಗದ್ದಲ ಮುಗಿದಿರುತ್ತದೆ, ಹೊಸ ರೂಢಿ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಆಗ ಕರೆ ಮಾಡಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇನೆ, ಸಾಧ್ಯವಾದರೆ ಹೋಗಿ ಅವರ ಜೊತೆ ಒಂದು ಸುತ್ತು ನಡೆದುಬರುತ್ತೇನೆ.